ಟ್ಯಾನ್ ಬ್ರೌನ್ ಕಟ್ಟೆಯ ಹಿಂದಿನ ಗೋಡೆಗೆ ಯಾವ ಟೈಲ್ಸ್?

ಪ್ರಶ್ನೆ: ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆ ಎಲ್ ಆಕಾರದ್ದು; ಒಂದು ಬದಿ ಹತ್ತು ಅಡಿ, ಇನ್ನೊಂದು ಬದಿ ಏಳು ಅಡಿ. ಕಟ್ಟೆಗೆ ಟ್ಯಾನ್ ಬ್ರೌನ್ ಗ್ರಾನೈಟ್ ಹಾಕಿಸಿ ಆಗಿದೆ. ಕೆಳಗಿನ ಕಪಾಟುಗಳಿಗೆ ಹೊಳಪಿಲ್ಲದ ಬೂದುಹಸಿರು ಲ್ಯಾಮಿನೇಟ್, ಮೇಲಿನವಕ್ಕೆ ಐವರಿ ಬಣ್ಣದ್ದು ಎಂದು ತೀರ್ಮಾನಿಸಿ ಬಡಗಿಗೆ ಮುಂಗಡ ಕೊಟ್ಟಿದ್ದೇವೆ. ಇವೆರಡರ ನಡುವಿನ ಗೋಡೆಯ ಟೈಲ್ಸ್ ವಿಷಯದಲ್ಲಿ ಮಾತ್ರ ಮನೆಯಲ್ಲಿ ಒಮ್ಮತವಿಲ್ಲ. ನನಗೆ ಇಟ್ಟಿಗೆಯಂತೆ ಜೋಡಿಸುವ ಅಚ್ಚಬಿಳಿಯ ಸಣ್ಣ ಟೈಲ್ಸ್ ಇಷ್ಟ. ಯಜಮಾನರಿಗೆ ಮೊರಾಕನ್ ಚಿತ್ತಾರದ್ದು ಬೇಕು. ಅತ್ತೆಯವರು, 'ಒಂದು ಸಲ ಒರೆಸಿದರೆ ಹೋಗುವಂತಿರಬೇಕು. ನಡುನಡುವೆ ಹಣ್ಣು, ಕಪ್‌ಸಾಸರ್ ಚಿತ್ರ ಇದ್ದರೆ ಲಕ್ಷಣ' ಎನ್ನುತ್ತಾರೆ. ಪೂರ್ವಕ್ಕೆ ಕಿಟಕಿ ಇದೆ. ಕಟ್ಟೆಗೂ ಮೇಲಿನ ಕಪಾಟಿಗೂ ನಡುವೆ ಎರಡು ಅಡಿ ಅಂತರ. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ನೆಮ್ಮದಿ ತಂದ ಸಂಗತಿ ಎಂದರೆ ಟೈಲ್ಸ್ ಇನ್ನೂ ಕೊಂಡಿಲ್ಲ ಎನ್ನುವುದು. ಮನೆ ಕಟ್ಟಿಸುವವರು ಎಷ್ಟೋ ಸಲ ನೆಲದ ಟೈಲ್ಸ್ ಕೊಳ್ಳಲು ಹೋದ ದಿನವೇ, ಒಂದೇ ಗಾಡಿಯಲ್ಲಿ ಬಂದುಬಿಡಲಿ ಎಂದು, ಅಡುಗೆಮನೆ ಗೋಡೆಯದ್ದನ್ನೂ ಆರಿಸಿಬಿಡುತ್ತಾರೆ. ಆಮೇಲೆ ಅದಕ್ಕೆ ಹೊಂದುವ ಕಲ್ಲು ಹುಡುಕಿಕೊಂಡು ಊರೆಲ್ಲ ಅಲೆಯುತ್ತಾರೆ. ಕಲ್ಲಿನ ಬಣ್ಣವನ್ನು ಯಾರೂ ತಯಾರಿಸುವುದಿಲ್ಲ. ಗಣಿಯಲ್ಲಿ ಏನು ಸಿಗುತ್ತದೆಯೋ ಅದು. ನಮ್ಮ ಜೇಬಿಗೆ ಎಟುಕುವ ಗ್ರಾನೈಟ್ ಹತ್ತಿಪ್ಪತ್ತು ಬಗೆ ಇದ್ದೀತು. ಲ್ಯಾಮಿನೇಟ್ ನೂರಾರು ಬಗೆ. ಗುಜರಾತಿನ ಮೋರ್ಬಿಯಿಂದ ಬರುವ ಟೈಲ್ಸ್‌ಗೆ ಲೆಕ್ಕವೇ ಇಲ್ಲ. ಹಾಗಾಗಿ ಆಯ್ಕೆ ಕಡಿಮೆ ಇರುವುದು ಮೊದಲು, ಹೆಚ್ಚು ಇರುವುದು ಕೊನೆಗೆ. ನೀವು ತಿಳಿದೋ ತಿಳಿಯದೆಯೋ ಸರಿಯಾದ ಕ್ರಮದಲ್ಲೇ ಬಂದಿದ್ದೀರಿ. ಇನ್ನು ಮುಂದೆಯೂ ಅದೇ ಕ್ರಮ ಹಿಡಿಯಿರಿ: ಟೈಲನ್ನು ಅಂಗಡಿಯಲ್ಲಿ ಆರಿಸಬೇಡಿ, ನಿಮ್ಮ ಕಟ್ಟೆಯ ಮೇಲೆ ನಿಲ್ಲಿಸಿ ಆರಿಸಿ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿಗೆ ಅಂಟಿಕೊಂಡದ್ದು.

ಮೊದಲು ಕಲ್ಲನ್ನೇ ನೋಡೋಣ. ಟ್ಯಾನ್ ಬ್ರೌನ್ ಬರುವುದು ತೆಲಂಗಾಣದ ಕರೀಂನಗರದ ಕಡೆಯಿಂದ. ಹೆಸರು ಕೇಳಿದರೆ ಕಂದು ಎನಿಸುತ್ತದೆ. ದೂರದಿಂದ ನೋಡಿದರೂ ಕಂದೇ. ಒದ್ದೆ ಬಟ್ಟೆಯಿಂದ ಕಟ್ಟೆಯನ್ನು ಒರೆಸಿ, ಒಂದಡಿ ದೂರಕ್ಕೆ ಬಗ್ಗಿ ನೋಡಿ. ಹುರಿದ ಕಾಫಿಬೀಜದ ಬಣ್ಣದ ಹರಳುಗಳು ಕಾಣುತ್ತವೆ; ಕೆಲವು ಕಡಲೆಕಾಳಿನಷ್ಟು, ಕೆಲವು ಅಡಿಕೆಯಷ್ಟು. ಬೆಳಕು ಬಿದ್ದ ಕಡೆ ಅವು ಇಟ್ಟಿಗೆಗೆಂಪಿಗೆ ತಿರುಗುತ್ತವೆ. ಅವುಗಳ ಸುತ್ತ ಕಪ್ಪು, ಅಲ್ಲಲ್ಲಿ ಬೂದು. ಅಂದರೆ ನಿಮ್ಮ ಕಟ್ಟೆಯಲ್ಲಿ ಈಗಾಗಲೇ ಒಂದು ಚಿತ್ತಾರ ಇದೆ, ಆ ಚಿತ್ತಾರಕ್ಕೆ ಒಂದು ಕೆಂಪು ಛಾಯೆ ಇದೆ. ಈ ಎರಡನ್ನು ನೆನಪಿಟ್ಟುಕೊಳ್ಳಿ. ಮನೆಯವರ ಮೂರು ಬೇಡಿಕೆಗಳಿಗೂ ಉತ್ತರ ಇವುಗಳಲ್ಲೇ ಇದೆ.

ನಿಮ್ಮದರಿಂದಲೇ ಶುರು ಮಾಡುತ್ತೇನೆ. ಪ್ರಿಂಟರ್‌ಗೆ ಹಾಕುವ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಬಡಗಿಯಿಂದ ಐವರಿ ಲ್ಯಾಮಿನೇಟಿನ ಒಂದು ತುಂಡು ಕೇಳಿ ತನ್ನಿ. ಬೆಳಿಗ್ಗೆ ಹತ್ತು ಗಂಟೆಗೆ ಎರಡನ್ನೂ ಕಟ್ಟೆಯ ಮೇಲೆ, ಗೋಡೆಗೆ ಒರಗಿಸಿ, ಪಕ್ಕಪಕ್ಕದಲ್ಲಿ ನಿಲ್ಲಿಸಿ. ಒಂಟಿಯಾಗಿದ್ದಾಗ ಹಾಲಿನ ಕೆನೆಯಂತೆ ಚೆಂದವಾಗಿದ್ದ ಐವರಿ, ಆ ಹಾಳೆಯ ಪಕ್ಕದಲ್ಲಿ ಹಳದಿಗಟ್ಟಿದಂತೆ, ಬಹಳ ದಿನ ಒರೆಸದೆ ಬಿಟ್ಟಂತೆ ಕಾಣಲು ಶುರುವಾಗುತ್ತದೆ. ಅಚ್ಚಬಿಳಿ ಟೈಲ್ಸ್ ಹಾಕಿಸಿದರೆ ಆಗುವುದು ಇದೇ. ಅಂಗಡಿಯಲ್ಲಿ ಸಿಗುವ ಅಚ್ಚಬಿಳಿಗಳಲ್ಲಿ ಹೆಚ್ಚಿನವಕ್ಕೆ ಒಂದು ಚೂರು ನೀಲಿ ಇರುತ್ತದೆ, ಬಟ್ಟೆಗೆ ನೀಲಿ ಹಾಕಿದಂತೆ. ಹತ್ತು ಅಡಿ ಉದ್ದಕ್ಕೂ ಅದು ಐವರಿ ಕಪಾಟುಗಳ ಕೆಳಗೆ ಹರಿದರೆ, ನೀವು ಹೊಸದಾಗಿ ಮಾಡಿಸಿದ ಕಪಾಟು ಗೃಹಪ್ರವೇಶದ ದಿನವೇ ಹಳತಾಗಿ ಕಾಣುತ್ತದೆ. ನೀವು ಮೊಬೈಲಿನಲ್ಲಿ ನೋಡಿ ಮೆಚ್ಚಿದ ಚಿತ್ರಗಳಲ್ಲಿ ಬಿಳಿ ಟೈಲ್ಸ್ ಜೊತೆಗೆ ಹೆಚ್ಚಾಗಿ ಬಿಳಿ ಕಪಾಟು, ಬೂದು ಅಥವಾ ಬಿಳಿ ಕ್ವಾರ್ಟ್ಜ್ ಕಟ್ಟೆ ಇರುತ್ತದೆ. ಅಲ್ಲಿ ಅದು ಸರಿ. ಟ್ಯಾನ್ ಬ್ರೌನ್ ಮೇಲೆ ಆ ಬಿಳಿ ಹೊರಗಿನವರಂತೆ ನಿಂತುಬಿಡುತ್ತದೆ.

ಆ ಸಣ್ಣ ಬಿಳಿ ಟೈಲಿಗೆ ಸಬ್‌ವೇ ಎಂಬ ಹೆಸರು ಬಂದದ್ದು ನ್ಯೂಯಾರ್ಕಿನ ನೆಲದಡಿಯ ರೈಲಿನಿಂದ. 1904ರಲ್ಲಿ ಅಲ್ಲಿನ ಮೊದಲ ನಿಲ್ದಾಣಗಳ ಗೋಡೆಗೆ ಮೂರು ಇಂಚು ಅಗಲ, ಆರು ಇಂಚು ಉದ್ದದ ಹೊಳೆಯುವ ಬಿಳಿ ಟೈಲ್ಸ್ ಹಾಕಿದರು. ಬಿಸಿಲೇ ಬಾರದ ಕಡೆ ಇದ್ದಷ್ಟು ಬೆಳಕನ್ನು ಹರಡಬೇಕಿತ್ತು, ಗೋಡೆ ಸುಲಭವಾಗಿ ತೊಳೆಯುವಂತಿರಬೇಕಿತ್ತು. ಪೂರ್ವದ ಕಿಟಕಿ ಇರುವ ನಿಮ್ಮ ಅಡುಗೆಮನೆಗೆ ಬೆಳಕಿನ ಕೊರತೆ ಇಲ್ಲ. ತೊಳೆಯುವ ವಿಷಯಕ್ಕೆ ಬಂದರೆ, ಅಲ್ಲಿ ಯಾರೂ ದಿನಕ್ಕೆರಡು ಸಲ ಅರಿಶಿನ ಹಾಕಿ ಒಗ್ಗರಣೆ ಕೊಡುತ್ತಿರಲಿಲ್ಲ.

ಇದನ್ನು ಲೆಕ್ಕ ಹಾಕಿ ನೋಡಿ. ಮೂರು–ಆರು ಇಂಚಿನ ಟೈಲ್ಸ್, ಅಂದರೆ 75–150 ಮಿಲಿಮೀಟರಿನವನ್ನು ಜೋಡಿಸಿದರೆ ಒಂದು ಚದರ ಮೀಟರ್ ಗೋಡೆಯಲ್ಲಿ ಒಟ್ಟು 20 ಮೀಟರ್ ಉದ್ದದ ಸಂದು ಬರುತ್ತದೆ. ಒಂದಡಿ–ಎರಡಡಿಯ, ಅಂದರೆ 300–600 ಮಿಲಿಮೀಟರಿನ ಟೈಲ್ಸ್ ಹಾಕಿದರೆ ಅದೇ ಒಂದು ಚದರ ಮೀಟರಿಗೆ 5 ಮೀಟರ್. ನಿಮ್ಮ ಗೋಡೆ ಹದಿನೇಳು ಅಡಿ ಉದ್ದ, ಎರಡು ಅಡಿ ಎತ್ತರ; ಒಟ್ಟು 34 ಚದರ ಅಡಿ, ಸುಮಾರು 3.2 ಚದರ ಮೀಟರ್. ಸಣ್ಣ ಟೈಲ್ಸ್ ಆದರೆ 60 ಮೀಟರಿಗೂ ಹೆಚ್ಚು ಸಂದು, ದೊಡ್ಡದಾದರೆ 16 ಮೀಟರ್. ಟೈಲಿನ ಮೈಮೇಲೆ ಗಾಜಿನಂಥ ಗ್ಲೇಜ್ ಇರುತ್ತದೆ, ಅಲ್ಲಿ ಏನೂ ಇಳಿಯುವುದಿಲ್ಲ. ಕೊಳೆ ಕೂರುವುದು ಸಂದಿನಲ್ಲಿ. ಅಡುಗೆಮನೆ ಗೋಡೆ ಒರೆಸುವುದು ಎಂದರೆ ನಿಜವಾಗಿ ಸಂದು ಒರೆಸುವುದೇ.

ಅರಿಶಿನದ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಗ್ಗರಣೆಯ ಎಣ್ಣೆಯಲ್ಲಿ ಬೆರೆತ ಅರಿಶಿನ ಸಿಮೆಂಟಿನ ಸಂದಿಗೆ ಇಳಿಯುತ್ತದೆ, ಏಕೆಂದರೆ ಸಂದು ತುಂಬುವ ಸಿಮೆಂಟ್ ಗ್ರೌಟ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಹಳದಿ ಕಂಡ ಕೂಡಲೇ ನಾವು ಸೋಪು ಹಚ್ಚಿ ತಿಕ್ಕುತ್ತೇವೆ. ಸೋಪಿನ ಕ್ಷಾರ ತಗಲಿದಾಗ ಅರಿಶಿನದ ಬಣ್ಣ ಕೆಂಪಾಗುತ್ತದೆ. ಆರತಿಗೆ ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡುವಾಗ ಆಗುವುದೂ ಇದೇ. ಮೂರು ಸಲ ತಿಕ್ಕಿದ ಮೇಲೆ ಬಿಳಿ ಸಂದು ಹಳದಿಯೂ ಅಲ್ಲದ, ಕೆಂಪೂ ಅಲ್ಲದ ಒಂದು ಮಾಸಲು ಬಣ್ಣಕ್ಕೆ ಬಂದು ನಿಲ್ಲುತ್ತದೆ. ಬಿಸಿಲು ಬಿದ್ದರೆ ಅರಿಶಿನ ತಾನಾಗಿ ಮಾಸುತ್ತದೆ, ಆದರೆ ಒಲೆಯ ಹಿಂದಿನ ಗೋಡೆಗೆ ಬಿಸಿಲು ಎಲ್ಲಿಂದ ಬರಬೇಕು? ಆದ್ದರಿಂದ ಟೈಲ್ಸ್ ಯಾವುದೇ ಇರಲಿ, ಎಣ್ಣೆ ಒಳಗಿಳಿಯದ, ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿ. ಸಿಮೆಂಟ್ ಗ್ರೌಟ್‌ಗಿಂತ ಅದರ ಬೆಲೆ ಹೆಚ್ಚು, ಮೂರು ಚದರ ಮೀಟರಿನ ಗೋಡೆಗೆ ಆ ಹೆಚ್ಚಳ ಹೊರೆಯಾಗದು. ಅದು ಬೇಗ ಗಟ್ಟಿಯಾಗುತ್ತದೆ, ಟೈಲಿನ ಮೇಲೆ ಉಳಿದದ್ದನ್ನು ಆಗಿಂದಾಗಲೇ ಒರೆಸದಿದ್ದರೆ ಮಸುಕು ಪದರವಾಗಿ ಅಂಟಿಕೊಂಡುಬಿಡುತ್ತದೆ. ಹಾಗಾಗಿ ಎಪಾಕ್ಸಿ ಕೆಲಸ ಮಾಡಿ ಗೊತ್ತಿರುವ ಮೇಸ್ತ್ರಿಯೇ ಬೇಕು. ಅವರು ಮಾಡಿದ ಒಂದು ಮನೆಯನ್ನು ನೋಡಿಬಂದು ಕೆಲಸ ಒಪ್ಪಿಸಿ.

ಯಜಮಾನರ ಮೊರಾಕನ್ ಚಿತ್ತಾರದ ವಿಷಯ. ಅವರ ಆಸೆಯಲ್ಲಿ ತಪ್ಪಿಲ್ಲ, ಕಲ್ಲು ಬೇರೆ ಇರಬೇಕಿತ್ತು. ನಿಮ್ಮ ಕಟ್ಟೆ ಚಾಮರಾಜನಗರದ ಕಪ್ಪು ಕಲ್ಲಿನದಾಗಿದ್ದರೆ ನಾನೇ ಅವರ ಪಕ್ಷ ವಹಿಸುತ್ತಿದ್ದೆ. ಆ ಕಲ್ಲಿನಲ್ಲಿ ಗೆರೆಯಿಲ್ಲ, ಹರಳಿಲ್ಲ, ರಾತ್ರಿಯಂತೆ ಮೌನವಾಗಿರುತ್ತದೆ. ಅದರ ಮೇಲೆ ನೀಲಿಯದೋ ಬೂದಿನದೋ ಚಿತ್ತಾರ ಚೆನ್ನಾಗಿ ಕೂರುತ್ತದೆ. ಟ್ಯಾನ್ ಬ್ರೌನ್ ಹಾಗಲ್ಲ, ಅದು ತಾನೇ ಮಾತಾಡುವ ಕಲ್ಲು. ಕಟ್ಟೆಯಲ್ಲಿ ಒಂದು ಚಿತ್ತಾರ, ಅದರ ಮೇಲೇಳುವ ಗೋಡೆಯಲ್ಲಿ ಇನ್ನೊಂದು, ಇವೆರಡರ ಮುಂದೆ ಡಬ್ಬಿ, ಮಿಕ್ಸಿ, ಕುಕ್ಕರ್, ಎಣ್ಣೆ ಬಾಟಲಿ. ಕಣ್ಣಿಗೆ ಕೂರಲು ಜಾಗವೇ ಇರುವುದಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಕಟ್ಟೆಯ ಮೇಲೆ ಸಾಮಾನು ಇದ್ದೇ ಇರುತ್ತದೆ. ಚಿತ್ರದಲ್ಲಿ ತೋರಿಸುವಂತೆ ಒಂದು ನಿಂಬೆಹಣ್ಣಿನ ಬುಟ್ಟಿ ಮಾತ್ರ ಇಟ್ಟು ಯಾರೂ ಅಡುಗೆ ಮಾಡುವುದಿಲ್ಲ. ಗೋಡೆ ಸುಮ್ಮನಿದ್ದಷ್ಟೂ ಆ ಸಾಮಾನು ಅಚ್ಚುಕಟ್ಟಾಗಿ ಕಾಣುತ್ತದೆ.

ಯಜಮಾನರಿಗೆ ಚಿತ್ತಾರ ಬೇಕೇ ಬೇಕೆಂದಿದ್ದರೆ ಊಟದ ಕೋಣೆಯಲ್ಲಿ ಕೈ ತೊಳೆಯುವ ಬೇಸಿನ್ ಹಿಂದಿನ ಗೋಡೆಗೆ ಹಾಕಿಸಿ. ಅಲ್ಲಿ ಎಣ್ಣೆ ಇಲ್ಲ, ಟ್ಯಾನ್ ಬ್ರೌನ್ ಇಲ್ಲ, ನೋಡುವವರೂ ಹೆಚ್ಚು. ಚೆಟ್ಟಿನಾಡಿನ ಆತಂಗುಡಿ ಟೈಲ್ಸ್ ಸಿಕ್ಕರಂತೂ ಇನ್ನೂ ಒಳ್ಳೆಯದು. ಕೈಯಲ್ಲೇ ಬಣ್ಣ ಸುರಿದು, ಸುಡದೆ, ನೀರಿನಲ್ಲಿ ನೆನೆಸಿ ಗಟ್ಟಿ ಮಾಡುವ ಆ ಸಿಮೆಂಟ್ ಟೈಲಿನ ಬಣ್ಣಕ್ಕೆ ಯಂತ್ರದಲ್ಲಿ ಮುದ್ರಿಸಿದ ಚಿತ್ತಾರ ಸಾಟಿಯಾಗದು. ಒಲೆಯ ಹಿಂದೆ ಮಾತ್ರ ಬೇಡ, ಎಣ್ಣೆ ಕುಡಿಯುತ್ತದೆ.

ಅತ್ತೆಯವರ ಮಾತಿನಲ್ಲಿ ಎರಡು ಭಾಗ ಇದೆ. 'ಒಂದು ಸಲ ಒರೆಸಿದರೆ ಹೋಗುವಂತಿರಬೇಕು' ಎನ್ನುವುದು ನಿಮ್ಮ ಇಡೀ ಪತ್ರದಲ್ಲೇ ಹೆಚ್ಚು ತೂಕದ ಮಾತು. ಅದನ್ನು ಹೇಳಿದವರು ಬಹಳ ವರ್ಷ ಗೋಡೆ ಒರೆಸಿದವರು. ಈಗ ಅಂಗಡಿಗಳಲ್ಲಿ ಮ್ಯಾಟ್ ಟೈಲ್ಸ್ ಎದುರಿಗೆ ಇಟ್ಟು ತೋರಿಸುತ್ತಾರೆ, ಕೈಗೆ ಮೆತ್ತಗೆ, ನೋಡಲು ಗಂಭೀರ. ಅವುಗಳಲ್ಲಿ ಕೆಲವು ನುಣುಪಾಗಿಯೇ ಇರುತ್ತವೆ, ಕೆಲವಕ್ಕೆ ಸಣ್ಣ ಮರಳಿನಂಥ ಒರಟು ಇರುತ್ತದೆ. ಆ ಒರಟಿನಲ್ಲಿ ಎಣ್ಣೆಯ ಜಿಡ್ಡು ಹಿಡಿದರೆ ಬಟ್ಟೆಯ ಎಳೆಗಳೇ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಹೊಳಪಿನದನ್ನು ಅಥವಾ ಮಂದ ಹೊಳಪಿನ ಸ್ಯಾಟಿನ್ ಮೈಯದನ್ನು ಆರಿಸಿ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮಾದರಿ ಟೈಲಿನ ಮೇಲೆ ಒಂದು ಚಮಚ ಬಿಸಿ ಒಗ್ಗರಣೆ ಹಾಕಿ, ಎಣ್ಣೆ, ಸಾಸಿವೆ, ಅರಿಶಿನ ಎಲ್ಲ ಇರಲಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅತ್ತೆಯವರೇ ಒರೆಸಲಿ. ಎರಡನೆಯ ಕೈಗೆ ಹೋಗದಿದ್ದರೆ ಆ ಟೈಲ್ಸ್ ಬೇಡ.

ಹಣ್ಣು, ಕಪ್‌ಸಾಸರಿನ ಚಿತ್ರದ ಟೈಲ್ಸ್, ಅಂಗಡಿಯವರು ಹೈಲೈಟರ್ ಎನ್ನುವುದು, ಒಂದು ಕಾಲಕ್ಕೆ ಪ್ರತಿ ಮನೆಯಲ್ಲೂ ಇರುತ್ತಿತ್ತು. ಅದನ್ನು ನಾನು ಬೇಡ ಎನ್ನುವುದಕ್ಕೆ ಕಾರಣ ಹಳತಾಯಿತು ಎಂಬುದಲ್ಲ. ಗೋಡೆಗೆ ಅಂಟಿಸಿದ ಚಿತ್ರವನ್ನು ಬೇಸರವಾದಾಗ ತೆಗೆಯಲು ಬರುವುದಿಲ್ಲ, ಮತ್ತು ಟ್ಯಾನ್ ಬ್ರೌನ್‌ನ ಕೆಂಪು ಹರಳಿನ ಮೇಲೆ ಹಸಿರು ದ್ರಾಕ್ಷಿ, ಕಿತ್ತಳೆ ಹಣ್ಣು ಎರಡೂ ಸೊರಗುತ್ತವೆ. ಅತ್ತೆಯವರ ಮನಸ್ಸಿನಲ್ಲಿರುವುದು, ಅಡುಗೆಮನೆ ಆಸ್ಪತ್ರೆಯಂತೆ ಬೋಳಾಗಿರಬಾರದು ಎಂಬ ಆಸೆ ಎಂದು ನನಗೆ ತೋರುತ್ತದೆ. ಅದು ಸರಿಯಾದ ಆಸೆ. ಬಣ್ಣದ ಆಯ್ಕೆಯಲ್ಲೇ ಅದನ್ನು ಈಡೇರಿಸಬಹುದು.

ಹಾಗಾದರೆ ಯಾವ ಬಣ್ಣ? ಕೆನೆಬಣ್ಣ. ಆದರೆ ಇಲ್ಲೇ ಹೆಚ್ಚಿನವರು ಎಡವುತ್ತಾರೆ, ನಾನೂ ಒಮ್ಮೆ ಎಡವಿದ್ದೇನೆ. ಹಾಸನದಲ್ಲಿ ಒಂದು ಮನೆ, ಇದೇ ಬಗೆಯ ಹಸಿರು ಕಪಾಟು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತು ಕೆನೆಬಣ್ಣದ ಟೈಲ್ಸ್ ಆರಿಸಿದೆ. ಅಲ್ಲಿ ಅದು ಹಾಲಿನ ಕೆನೆಯೇ. ಗೋಡೆಗೆ ಅಂಟಿಸಿ, ಕಪಾಟಿನ ಬಾಗಿಲುಗಳನ್ನು ಕೂರಿಸಿದ ದಿನ ಆ ಮನೆಯೊಡತಿ ಬಾಗಿಲಲ್ಲೇ ನಿಂತು, 'ಇದು ಗುಲಾಬಿ ಬಣ್ಣ ಅಲ್ಲವೇ?' ಎಂದರು. ಹೌದು, ಗುಲಾಬಿಯಾಗಿಯೇ ಕಾಣುತ್ತಿತ್ತು. ಟೈಲ್ಸ್ ಬದಲಾಗಿರಲಿಲ್ಲ. ಅದರೊಳಗೆ ಇದ್ದ ಒಂದು ಹನಿ ಕೆಂಪನ್ನು ಹಸಿರು ಕಪಾಟು ಎಳೆದು ಹೊರಗೆ ತಂದಿತ್ತು. ಒಲೆಯ ಹಿಂದಿನ ಟೈಲ್ಸ್ ಕೀಳಿಸಿ ಬೇರೆ ಹಾಕಿಸಿದೆವು, ಖರ್ಚು ನಾನೇ ಹೊತ್ತೆ. ಅಂದಿನಿಂದ ಒಂದು ಟೈಲನ್ನೂ ಅಂಗಡಿಯ ಬೆಳಕಿನಲ್ಲಿ ಒಪ್ಪಿಲ್ಲ.

ಇದು ಕಣ್ಣಿನ ಸ್ವಭಾವ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂಬ ದೂರು ಬಂದಿತ್ತು. ನೂಲನ್ನು ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಪಕ್ಕದ ಬಣ್ಣ ತನಗೆ ಎದುರಾದ ಬಣ್ಣದ ಛಾಯೆಯನ್ನು ನೆರೆಯದರ ಮೇಲೆ ಚೆಲ್ಲುತ್ತದೆ ಎಂಬುದನ್ನು ಅವನು 1839ರಲ್ಲಿ ವಿವರವಾಗಿ ಬರೆದಿಟ್ಟ. ಹಸಿರಿಗೆ ಎದುರು ಕೆಂಪು. ಹಾಗಾಗಿ ನಿಮ್ಮ ಬೂದುಹಸಿರಿನ ಪಕ್ಕದಲ್ಲಿ ನಿಂತ ಯಾವುದೇ ತಟಸ್ಥ ಬಣ್ಣ ಗುಲಾಬಿಯ ಕಡೆಗೆ ವಾಲುತ್ತದೆ. ಅದರ ಮೇಲೆ ಟ್ಯಾನ್ ಬ್ರೌನ್‌ನ ಇಟ್ಟಿಗೆಗೆಂಪು ಹರಳುಗಳು ಬೇರೆ. ಗುಲಾಬಿ ಛಾಯೆಯ ಕೆನೆ ನಿಮಗೆ ಖಂಡಿತ ಬೇಡ.

ಕೆನೆಬಣ್ಣದ ಟೈಲ್ಸ್ ಸ್ಥೂಲವಾಗಿ ಮೂರು ಜಾತಿ: ಹಳದಿಗೆ ವಾಲಿದ್ದು, ಗುಲಾಬಿಗೆ ವಾಲಿದ್ದು, ಬೂದಿಗೆ ವಾಲಿದ್ದು. ಒಂದೊಂದನ್ನೇ ನೋಡಿದರೆ ಗೊತ್ತಾಗುವುದಿಲ್ಲ, ಮೂರನ್ನೂ ಸಾಲಾಗಿ ಇಟ್ಟರೆ ಮಗುವೂ ಹೇಳುತ್ತದೆ. ಅಂಗಡಿಯಿಂದ ಮೂರು ನಾಲ್ಕು ಬಗೆಯಲ್ಲಿ ಒಂದೊಂದು ಟೈಲ್ ತನ್ನಿ. ಮಾದರಿ ಕೊಡದಿದ್ದರೆ ದುಡ್ಡು ಕೊಟ್ಟೇ ತನ್ನಿ. ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ. ನೆಲದ ಮೇಲೆ ಮಲಗಿಸಿ ನೋಡಿದರೆ ಪ್ರಯೋಜನವಿಲ್ಲ, ಗೋಡೆಗೆ ಬೀಳುವ ಬೆಳಕು ಬೇರೆ, ನೆಲಕ್ಕೆ ಬೀಳುವ ಬೆಳಕು ಬೇರೆ. ಕೆಳಗೆ ಹಸಿರು ಲ್ಯಾಮಿನೇಟಿನ ತುಂಡು, ಮೇಲೆ ಐವರಿಯ ತುಂಡು ಒರಗಿಸಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ದೀಪ ಹಾಕಿ, ಹೀಗೆ ಮೂರು ಸಲ ನೋಡಿ. ನನ್ನ ಅಂದಾಜಿನಲ್ಲಿ ಹಳದಿಗೆ ಒಂದು ಕೂದಲೆಳೆಯಷ್ಟು ವಾಲಿದ, ಐವರಿ ಕಪಾಟಿಗಿಂತ ಅರ್ಧ ಪಾಲು ಗಾಢವಾದ ಕೆನೆ ಗೆಲ್ಲುತ್ತದೆ. ಕಪಾಟಿನ ಬಣ್ಣವನ್ನೇ ಹೋಲುವ ಟೈಲ್ಸ್ ಹುಡುಕಬೇಡಿ. ಹತ್ತಿರ ಬಂದು ತಪ್ಪಿದ ಬಣ್ಣ ಕಣ್ಣಿಗೆ ಕಿರಿಕಿರಿ. ರವಿಕೆ ಬಟ್ಟೆ ಕೊಂಡವರಿಗೆಲ್ಲ ಇದು ಗೊತ್ತು.

ದೀಪದ ವಿಷಯದಲ್ಲೂ ಎಚ್ಚರ ಬೇಕು. ಮಾದರಿ ನೋಡುವ ರಾತ್ರಿ ಉಪಯೋಗಿಸಿದ ದೀಪವನ್ನೇ ಮುಂದೆಯೂ ಹಾಕಬೇಕು. ಎಲ್‌ಇಡಿ ದೀಪದ ಪೆಟ್ಟಿಗೆಯ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ. 6500 ಎಂದಿದ್ದರೆ ನೀಲಿ ಮಿಶ್ರಿತ ಬಿಳಿ. ಕೆನೆಬಣ್ಣ ಅದರ ಕೆಳಗೆ ಸತ್ತಂತೆ ಕಾಣುತ್ತದೆ, ಬೇಯಿಸಿದ ಅನ್ನಕ್ಕೂ ಕಳೆ ಇರುವುದಿಲ್ಲ. 3000 ಎಂದಿದ್ದರೆ ಹಳದಿ, ಟ್ಯಾನ್ ಬ್ರೌನ್ ಬೆಚ್ಚಗೆ ಕಾಣುತ್ತದೆ, ಆದರೆ ಹಾಗಲಕಾಯಿ ಕಮರಿತೋ ಇಲ್ಲವೋ ತಿಳಿಯುವುದು ಕಷ್ಟ. ಅಡುಗೆಮನೆಗೆ 4000 ಒಳ್ಳೆಯದು. ಮೇಲಿನ ಕಪಾಟಿನ ಅಡಿಗೆ ದೀಪದ ಪಟ್ಟಿ ಹಾಕಿಸುವುದಾದರೆ ಗೋಡೆಯ ಕಡೆಗೆ ಬೇಡ, ಕಪಾಟಿನ ಮುಂಭಾಗದ ಅಂಚಿಗೆ ಹಾಕಿಸಿ. ಗೋಡೆಗೆ ಸವರಿಕೊಂಡು ಬೀಳುವ ಬೆಳಕು ಟೈಲ್ಸ್‌ನ ಒಂದು ಮಿಲಿಮೀಟರ್ ಏರುಪೇರನ್ನೂ ನೆರಳಾಗಿ ತೋರಿಸುತ್ತದೆ. ನಿಮ್ಮ ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ಪಕ್ಕದ ಗೋಡೆಯ ಮೇಲೆ ಹೀಗೇ ಸವರಿಕೊಂಡು ಹೋಗುತ್ತದೆ. ಆ ಗೋಡೆಯ ಗಾರೆಯನ್ನು ಟೈಲ್ಸ್‌ಗೆ ಮೊದಲೇ ಉದ್ದನೆಯ ಪಟ್ಟಿ ಇಟ್ಟು ಸಮ ನೋಡುವಂತೆ ಮೇಸ್ತ್ರಿಗೆ ಹೇಳಿ.

ಅಳತೆ 300–600 ಮಿಲಿಮೀಟರ್, ಅಡ್ಡಡ್ಡವಾಗಿ, ಎರಡು ಸಾಲು, ಸಂದಿನ ಮೇಲೆ ಸಂದು ನೇರವಾಗಿ. ಈ ಎರಡು ಅಡಿಯ ಅಂತರಕ್ಕೆ ಇದರಷ್ಟು ಒಪ್ಪುವ ಅಳತೆ ಇನ್ನೊಂದಿಲ್ಲ. ಎರಡು ಅಡಿ ಎಂದರೆ 610 ಮಿಲಿಮೀಟರ್. 300ರ ಎರಡು ಸಾಲು, ನಡುವೆ 3 ಮಿಲಿಮೀಟರ್ ಸಂದು, ಕಟ್ಟೆಯ ಮೇಲೆ ಇನ್ನೊಂದು 3, ಒಟ್ಟು 606. ಮೇಲೆ ಉಳಿಯುವ 4 ಮಿಲಿಮೀಟರ್ ಕಪಾಟಿನ ನೆರಳಿನಲ್ಲಿ ಅಡಗುತ್ತದೆ. ಎತ್ತರಕ್ಕೆ ಒಂದು ಟೈಲನ್ನೂ ಕತ್ತರಿಸಬೇಕಿಲ್ಲ. ಒಲೆಯ ಹಿಂದೆ ಮಾತ್ರ ಲೆಕ್ಕ ಬೇರೆ. ಚಿಮಣಿಯನ್ನು ಒಲೆಯಿಂದ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಮೇಲೆ ಕೂರಿಸುತ್ತಾರೆ, ಆದ್ದರಿಂದ ಅಲ್ಲಿ ಮೂರನೆಯ ಸಾಲು ಏರಿ ಚಿಮಣಿಯ ಹಿಂದಕ್ಕೆ ಹೋಗಬೇಕು. ಇದನ್ನು ಬಿಟ್ಟರೆ ಒಗ್ಗರಣೆಯ ಹಬೆ ತಗಲುವ ಜಾಗದಲ್ಲೇ ಬರೀ ಪೇಂಟ್ ಉಳಿಯುತ್ತದೆ.

ಗ್ರೌಟ್ ಬಣ್ಣ ಟೈಲಿಗಿಂತ ಒಂದು ಮೆಟ್ಟಿಲು ಗಾಢ ಇರಲಿ, ಬೂದು ಬೆರೆತ ಕೆನೆ. ಟೈಲಿನದೇ ಬಣ್ಣವಾದರೆ ಕೊಳೆ ಎದ್ದು ಕಾಣುತ್ತದೆ. ಗಾಢ ಕಂದು ಹಾಕಿದರೆ ಗೋಡೆ ಲೆಕ್ಕದ ಪುಸ್ತಕದ ಹಾಳೆಯಂತೆ ಚೌಕಚೌಕವಾಗುತ್ತದೆ. ಕಟ್ಟೆ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಗ್ರೌಟ್ ಬೇಡವೇ ಬೇಡ. ಕಟ್ಟೆ ಒಂದು ದಿಕ್ಕಿಗೆ, ಗೋಡೆ ಒಂದು ದಿಕ್ಕಿಗೆ ಅಷ್ಟಿಷ್ಟು ಕದಲುತ್ತಲೇ ಇರುತ್ತವೆ, ಗಟ್ಟಿ ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ. ಬಿರುಕಿನಿಂದ ಸಿಂಕಿನ ನೀರು ಇಳಿದರೆ ಹಿಂದಿನ ಪ್ಲೈವುಡ್ ಉಬ್ಬುತ್ತದೆ. ಆ ಒಂದು ಗೆರೆಗೆ ಸಿಲಿಕಾನ್ ತುಂಬಿಸಿ.

ಅಂಟಿಸುವ ಮುನ್ನ ನಿಮ್ಮ ಟೈಲ್ಸ್ ಯಾವ ಜಾತಿಯದು ಎಂದು ಪೆಟ್ಟಿಗೆಯ ಮೇಲೆ ನೋಡಿ. ಗೋಡೆಯ ಸೆರಾಮಿಕ್ ಟೈಲ್ಸ್ ತನ್ನ ತೂಕದ ಶೇಕಡ 10ಕ್ಕಿಂತ ಹೆಚ್ಚು ನೀರು ಹೀರುತ್ತದೆ. ಸಿಮೆಂಟಿನಲ್ಲಿ ಹಾಕುವುದಾದರೆ ಅದನ್ನು ಬಕೆಟ್ ನೀರಿನಲ್ಲಿ ಮುಳುಗಿಸಬೇಕು. ಗುಳ್ಳೆಗಳು ಏಳುವುದು ನಿಂತ ಮೇಲೆ ತೆಗೆದು, ನೀರು ಸೋರಲು ಬಿಟ್ಟು ಅಂಟಿಸಬೇಕು. ಇಲ್ಲದಿದ್ದರೆ ಒಣ ಟೈಲ್ ಸಿಮೆಂಟಿನ ನೀರನ್ನೆಲ್ಲ ಹೀರಿಕೊಂಡು, ಸಿಮೆಂಟ್ ಹಿಡಿಯದೆ, ಕೆಲವೇ ತಿಂಗಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಹೆಚ್ಚು ಕಾವಿನಲ್ಲಿ ಸುಟ್ಟು ಗಾಜಿನಂತೆ ಗಟ್ಟಿ ಮಾಡಿದ ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇಕಡ 0.5ಕ್ಕಿಂತ ಕಡಿಮೆ, ಬರೀ ಸಿಮೆಂಟ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ, ಟೈಲ್ ಅಡ್ಹೆಸಿವ್ ಬೇಕೇ ಬೇಕು. ನಿಮಗೆ ಸೆರಾಮಿಕ್ ಸಾಕು. ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ, ವಿಟ್ರಿಫೈಡ್‌ನ ಗಟ್ಟಿತನಕ್ಕೆ ಅಲ್ಲಿ ಕೆಲಸವಿಲ್ಲ.

ಯಾರಾದರೂ ಬಿಳಿ ಅಮೃತಶಿಲೆಯ ಪಟ್ಟಿ ಹಾಕಿಸಿ ಎಂದರೆ ಒಪ್ಪಬೇಡಿ. ಹುಣಸೆಹುಳಿ, ನಿಂಬೆರಸ ಸಿಡಿದ ಕಡೆ ಅದರ ಹೊಳಪು ತಿಂದುಹೋಗುತ್ತದೆ. ಗ್ರಾನೈಟಿಗೆ ಆ ಭಯವಿಲ್ಲ. ಹಾಗೆಂದು ಟ್ಯಾನ್ ಬ್ರೌನನ್ನೇ ಗೋಡೆಗೂ ಏರಿಸಿದರೆ ಅಡುಗೆಮನೆ ಗವಿಯಾಗುತ್ತದೆ.

ಮೇಸ್ತ್ರಿ ಬರುವ ಮೊದಲು ಎಲೆಕ್ಟ್ರಿಷಿಯನ್ ಅನ್ನು ಕರೆಸಿ. ಮೇಸ್ತ್ರಿಗಳು ಡ್ಯಾಡೋ ಎನ್ನುವ ಈ ಗೋಡೆಯಲ್ಲಿ ಮಿಕ್ಸಿಗೆ, ಇಂಡಕ್ಷನ್ ಒಲೆಗೆ, ನೀರಿನ ಫಿಲ್ಟರಿಗೆ ಎಂದು ನಾಲ್ಕೈದು ಸ್ವಿಚ್ ಬೋರ್ಡ್ ಬರುತ್ತದೆ. ಟೈಲ್ಸ್ ಸಾಲನ್ನು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಸಿ, ಬೋರ್ಡುಗಳೆಲ್ಲ ಒಂದೇ ಎತ್ತರದಲ್ಲಿ, ಟೈಲಿನ ನಡುಮಧ್ಯಕ್ಕೋ ಸಂದಿನ ನಡುಮಧ್ಯಕ್ಕೋ ಬರುವಂತೆ ಕೂರಿಸಿ. ಅರ್ಧ ದಿನದ ಕೆಲಸ ಇದು. ಇಂಥ ಸುಮ್ಮನಿರುವ ಗೋಡೆಯಲ್ಲಿ ಒಂದು ಸೊಟ್ಟ ಬೋರ್ಡ್ ಇದ್ದರೆ ಕಣ್ಣು ಪ್ರತಿ ದಿನ ಅಲ್ಲಿಗೇ ಹೋಗುತ್ತದೆ.

ಕೊಳ್ಳುವಾಗ 34 ಚದರ ಅಡಿಗೆ ಒಲೆಯ ಹಿಂದಿನದನ್ನೂ ಕತ್ತರಿಸುವಾಗ ಆಗುವ ನಷ್ಟವನ್ನೂ ಸೇರಿಸಿ ಸುಮಾರು 40 ಎಂದು ಲೆಕ್ಕ ಹಿಡಿಯಿರಿ. ಕಿಟಕಿಯ ಜಾಗವನ್ನು ಕಳೆಯಬೇಡಿ. 300–600ರ ಒಂದು ಟೈಲ್ 1.94 ಚದರ ಅಡಿ, ಅಂದರೆ 21 ಟೈಲ್. ಪೆಟ್ಟಿಗೆಗೆ ಐದರಂತೆ ಇದ್ದರೆ ಐದು ಪೆಟ್ಟಿಗೆ ತನ್ನಿ. ಎಲ್ಲ ಪೆಟ್ಟಿಗೆಯ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಗಾಡಿಗೆ ಹಾಕುವ ಮೊದಲೇ ನೋಡಿ. ಉಳಿದ ನಾಲ್ಕು ಟೈಲ್ಸ್ ಅನ್ನು ವಾಪಸ್ ಕೊಡದೆ, ಆ ಪೆಟ್ಟಿಗೆಯ ಸಮೇತ ಲಾಫ್ಟ್‌ನಲ್ಲಿ ಇಡಿ. ಐದು ವರ್ಷದ ನಂತರ ಪ್ಲಂಬರ್ ಸಿಂಕಿನ ಹಿಂದಿನ ಗೋಡೆ ಒಡೆಯಬೇಕಾಗಿ ಬಂದಾಗ, ಅದೇ ಬಣ್ಣ ಬೇರೆಲ್ಲೂ ಸಿಗುವುದಿಲ್ಲ.